ಐದು ಮುಗಿದು ಆರಕ್ಕೆ: ಮಗುವನ್ನು ಹಿರಿಯ ಪ್ರಾಥಮಿಕ ಶಾಲೆಗೆ ಸಿದ್ಧಗೊಳಿಸುವುದು ಹೇಗೆ?

ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಇರುವುದು ಕಿರಿಯ ಪ್ರಾಥಮಿಕ ಶಾಲೆ ಮಾತ್ರ. ಒಂದರಿಂದ ಐದರವರೆಗೆ ಮಗು ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಕಲಿಯುತ್ತದೆ. ಆರನೇ ತರಗತಿಗೆ ಪಕ್ಕದ ಊರಿಗೋ ಹೋಬಳಿ ಕೇಂದ್ರಕ್ಕೋ ಹೋಗಬೇಕು. ಎಸ್‌ಎಸ್‌ಎಲ್‌ಸಿ ಆದಮೇಲೆ ಮುಂದೇನು ಎಂದು ಇಡೀ ಮನೆ ಕೂತು ಮಾತಾಡುತ್ತದೆ. ಐದನೇ ತರಗತಿ ಮುಗಿದಾಗ ಮಾತ್ರ ಟಿಸಿ ತಂದು, ಹೊಸ ಬ್ಯಾಗ್ ಕೊಡಿಸಿ ಕಳಿಸಿದರೆ ಆಯಿತು ಎಂದುಕೊಳ್ಳುತ್ತೇವೆ.

ಪ್ರತಿ ಜೂನ್‌ನಲ್ಲೂ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಆರನೇ ತರಗತಿಗೆ ಬರಮಾಡಿಕೊಂಡ ಶಿಕ್ಷಕ ನಾನು. ಪಾಠ ತಲೆಗೆ ಹತ್ತದೆ ಹಿಂದುಳಿಯುವವರಿಗಿಂತ, ಯಾರನ್ನು ಕೇಳಬೇಕು ಎಂದು ತಿಳಿಯದೆ ಸುಮ್ಮನಿದ್ದು ಹಿಂದುಳಿಯುವವರೇ ಹೆಚ್ಚು ಎಂಬುದು ನಾನು ಕಂಡ ಸಂಗತಿ. ಆದ್ದರಿಂದ ಬೇಸಿಗೆ ರಜೆಯಲ್ಲಿ ಮಗುವನ್ನು ಟ್ಯೂಷನ್‌ಗೆ ತಳ್ಳುವ ಮೊದಲು, ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನೂ ಬಾಯಿಬಿಟ್ಟು ಕೇಳುವುದನ್ನೂ ರೂಢಿ ಮಾಡಿಸಿ. ಕೆಳಗಿನ ಹಂತಗಳೆಲ್ಲ ಹೆಚ್ಚುಕಡಿಮೆ ಅದಕ್ಕಾಗಿಯೇ ಇವೆ.

ಹಂತ 1: ಯಾವ ಶಾಲೆ ಎಂದು ಐದನೇ ತರಗತಿಯ ಶುರುವಿನಲ್ಲೇ ಯೋಚಿಸಿ

ಆರನೇ ತರಗತಿಯಿಂದ ಶುರುವಾಗುವ ಶಾಲೆಗಳು ಹಲವಿವೆ: ಜಿಲ್ಲೆಗೊಂದರಂತೆ ಇರುವ ಜವಾಹರ್ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು, ತಾಲ್ಲೂಕು ಮಟ್ಟದ ಆದರ್ಶ ವಿದ್ಯಾಲಯಗಳು. ಎಲ್ಲಕ್ಕೂ ಪ್ರವೇಶ ಪರೀಕ್ಷೆ ಇದೆ, ಅರ್ಜಿ ಹಾಕಬೇಕಾದದ್ದು ಮಗು ಐದನೇ ತರಗತಿಯಲ್ಲಿ ಇರುವಾಗಲೇ. ಏಪ್ರಿಲ್‌ನಲ್ಲಿ ವಿಚಾರಿಸಲು ಬರುವ ತಂದೆ-ತಾಯಂದಿರಿಗೆ "ಆಗಿಹೋಯಿತಲ್ಲಮ್ಮಾ" ಎನ್ನುವುದು ಬಹಳ ಬೇಸರದ ಕೆಲಸ.

ನವೋದಯ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ, ತಲಾ 25 ಅಂಕ ಗಣಿತಕ್ಕೂ ಭಾಷೆಗೂ. ಕನ್ನಡದಲ್ಲೇ ಬರೆಯಬಹುದು. ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಒಮ್ಮೆ ಬರೆದ ಮಗು ಮತ್ತೆ ಬರೆಯುವಂತಿಲ್ಲ. ಮೊರಾರ್ಜಿ ಶಾಲೆಗಳಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ನಾಡಕಚೇರಿಗೆ ಮೊದಲೇ ಹೋಗಿ ಮಾಡಿಸಿಟ್ಟುಕೊಳ್ಳಿ.

ಪರೀಕ್ಷೆ ಬರೆಸಿ, ತಪ್ಪೇನಿಲ್ಲ. ಆದರೆ ಸೀಟು ಸಿಗದಿದ್ದರೆ ಮಗು ದಡ್ಡ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಸೀಟು ಸಿಕ್ಕಿತೆಂದರೂ, ಹನ್ನೊಂದು ವರ್ಷದ ಮಗು ಹಾಸ್ಟೆಲ್‌ನಲ್ಲಿ ಇರಬಲ್ಲುದೇ ಎಂದು ಅದನ್ನೇ ಕೇಳಿ ನೋಡಿ. ರಾತ್ರಿ ಅಜ್ಜಿ ಮನೆಯಲ್ಲೂ ಒಂಟಿಯಾಗಿ ಉಳಿಯದ ಮಗುವನ್ನು ಒಮ್ಮೆಗೇ ವಸತಿ ಶಾಲೆಗೆ ಬಿಟ್ಟು ಬರುವ ಮುಂಚೆ, ದಸರಾ ರಜೆಯಲ್ಲಿ ಒಂದೆರಡು ವಾರ ನೆಂಟರ ಮನೆಯಲ್ಲಿ ಇರಿಸಿ ಅಭ್ಯಾಸ ಮಾಡಿಸಿ.

ಮಾಧ್ಯಮ ಬದಲಿಸುವ ಯೋಚನೆ ಇದ್ದರೆ ಇನ್ನೊಂದು ಮಾತು. ಹೊಸ ಊರು, ಹೊಸ ಶಿಕ್ಷಕರು, ಹೊಸ ವಿಷಯಗಳು, ಇವುಗಳ ಜೊತೆಗೆ ಕನ್ನಡದಿಂದ ಇಂಗ್ಲಿಷ್‌ಗೆ ಹೊರಳುವುದು ಆರನೇ ತರಗತಿಯಲ್ಲಿ ಅತಿ ಭಾರದ ಹೊರೆ. ಕನ್ನಡದಲ್ಲಿ ಓದಿ ಅರ್ಥ ಹೇಳಬಲ್ಲ, ಇಂಗ್ಲಿಷ್ ಪಠ್ಯವನ್ನು ತಡವರಿಸಿಯಾದರೂ ಓದಬಲ್ಲ ಮಗುವಾದರೆ ಮಾತ್ರ ಆ ಧೈರ್ಯ ಮಾಡಿ. ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಳ್ಳೆಯ ಗಣಿತ ಶಿಕ್ಷಕರೊಬ್ಬರಿದ್ದರೆ, ನನ್ನ ಮಟ್ಟಿಗೆ ಅದೇ ಮೊದಲ ಆಯ್ಕೆ.

ಹಂತ 2: ಕಾಗದ ಪತ್ರ

ಹೊಸ ಶಾಲೆಗೆ ಟಿಸಿ, ಮಗುವಿನ ಎಸ್‌ಎಟಿಎಸ್ ಸಂಖ್ಯೆ, ಆಧಾರ್ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರ, ಫೋಟೊ ಇದ್ದರೆ ಸಾಕು. ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯೂ ಬೇಕಾಗುತ್ತದೆ.

ಟಿಸಿ ಕೈಗೆ ಬಂದಾಗ ಮಡಚಿ ಜೇಬಿಗೆ ಇಡಬೇಡಿ. ಅಲ್ಲೇ ನಿಂತು ಮಗುವಿನ ಹೆಸರು, ಇನಿಷಿಯಲ್, ತಂದೆ-ತಾಯಿ ಹೆಸರು, ಹುಟ್ಟಿದ ದಿನಾಂಕ, ಜಾತಿ ಇವನ್ನು ಜನನ ಪ್ರಮಾಣಪತ್ರ ಮತ್ತು ಆಧಾರ್ ಜೊತೆ ಹೋಲಿಸಿ. ಆಧಾರ್‌ನಲ್ಲಿ 'ಮಂಜುನಾಥ', ಶಾಲೆಯ ದಾಖಲೆಯಲ್ಲಿ 'ಮಂಜು ಕೆ.' ಎಂದಿದ್ದರೆ ಈಗಲೇ ಅರ್ಜಿ ಕೊಟ್ಟು ಸರಿಮಾಡಿಸಿ. ಇದೇ ದಾಖಲೆ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೆ ಸಾಗುತ್ತದೆ. ಅಂಕಪಟ್ಟಿಯಲ್ಲಿ ಸೇರಿದ ತಪ್ಪನ್ನು ತಿದ್ದಿಸಲು ಎಷ್ಟು ಕಚೇರಿ ಅಲೆಯಬೇಕು ಎಂಬುದು ಅಲೆದವರಿಗೇ ಗೊತ್ತು.

ಟಿಸಿ ಬರುವುದು ತಡವಾದರೆ ಗಾಬರಿ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯ ಶಿಕ್ಷಕರು ಕೂಡಲೇ ಟಿಸಿ ಕೊಡಬೇಕು. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ.

ಹಂತ 3: ಶಾಲೆಯನ್ನೂ ದಾರಿಯನ್ನೂ ಮೊದಲೇ ತೋರಿಸಿ

ಮಾರ್ಚ್‌ನಲ್ಲಿ, ಹೊಸ ಶಾಲೆ ಇನ್ನೂ ನಡೆಯುತ್ತಿರುವಾಗ ಒಂದು ದಿನ ಮಗುವನ್ನು ಕರೆದುಕೊಂಡು ಹೋಗಿ. ಬೇಸಿಗೆಯಲ್ಲಿ ಬೀಗ ಹಾಕಿದ ಕಟ್ಟಡ ತೋರಿಸಿದರೆ ಏನೂ ತಿಳಿಯುವುದಿಲ್ಲ. ಮುಖ್ಯ ಶಿಕ್ಷಕರಿಗೆ ಹಿಂದಿನ ದಿನವೇ ಹೇಳಿದ್ದರೆ ಒಳ್ಳೆಯದು. ಆರನೇ ತರಗತಿಯ ಕೋಣೆ, ಕುಡಿಯುವ ನೀರು, ಬಿಸಿಯೂಟ ಬಡಿಸುವ ಜಾಗ, ಆಟದ ಮೈದಾನ, ಮುಖ್ಯವಾಗಿ ಶೌಚಾಲಯ, ಇಷ್ಟನ್ನು ಮಗು ಕಣ್ಣಾರೆ ನೋಡಲಿ. ಶೌಚಾಲಯ ಎಲ್ಲಿದೆ ಎಂದು ಕೇಳಲು ನಾಚಿ, ನೀರು ಕುಡಿಯುವುದನ್ನೇ ಬಿಡುವ ಹೆಣ್ಣುಮಕ್ಕಳಿದ್ದಾರೆ. ನಿಮ್ಮ ಊರಿನಿಂದಲೇ ಹೋಗಿ ಈಗಾಗಲೇ ಅಲ್ಲಿ ಓದುತ್ತಿರುವ ಏಳನೇ ತರಗತಿಯ ಅಕ್ಕನನ್ನೋ ಅಣ್ಣನನ್ನೋ ಪರಿಚಯ ಮಾಡಿಸಿ. ಮೊದಲ ತಿಂಗಳು ನಿಮಗಿಂತ ಹೆಚ್ಚು ನೆರವಾಗುವವರು ಅವರೇ.

ಇನ್ನು ದಾರಿ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ಶಿಕ್ಷಣ ಹಕ್ಕಿನ ನಿಯಮ. ಮೂರು ಕಿಲೋಮೀಟರ್ ಎಂದರೆ ಮಗುವಿನ ಕಾಲಿಗೆ ಮುಕ್ಕಾಲು ಗಂಟೆ. ಮೇ ತಿಂಗಳಲ್ಲಿ ಮಗುವಿನ ಜೊತೆ ಶಾಲೆಯ ಹೊತ್ತಿಗೇ ಹೊರಟು ಒಮ್ಮೆ ನಡೆಯಿರಿ. ಮುಂದಿನ ಸಲ ಮಗು ಮುಂದೆ, ನೀವು ಹಿಂದೆ. ರಸ್ತೆ ದಾಟುವ ಜಾಗ ಯಾವುದು, ಕಟ್ಟಿಹಾಕದ ನಾಯಿಗಳಿರುವ ಓಣಿ ಯಾವುದು, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಯಾವ ಸುತ್ತುದಾರಿ, ಇವನ್ನೆಲ್ಲ ಅಲ್ಲೇ ನಿಂತು ಹೇಳಿ. ಮಲೆನಾಡಿನವರು ಜೂನ್‌ನ ಕಾಲುಸಂಕದ ಬಗ್ಗೆ ತುಸು ಹೆಚ್ಚೇ ಎಚ್ಚರ ವಹಿಸಬೇಕು. ನೀರು ಏರಿದ ದಿನ ಶಾಲೆ ತಪ್ಪಿದರೂ ಸರಿ, ಸಂಕ ದಾಟಬಾರದು ಎಂದು ಖಡಾಖಂಡಿತ ಹೇಳಿಬಿಡಿ.

ಬಸ್ಸಿನಲ್ಲಿ ಹೋಗುವುದಾದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್‌ಗಳಲ್ಲಿ ಪ್ರಯಾಣ ಉಚಿತ, ಗುರುತಿನ ಚೀಟಿ ಜೊತೆಗಿರಲಿ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಬೇಕು, ಅದಕ್ಕೆ ಸೇವಾ ಸಿಂಧು ಮೂಲಕ ಅರ್ಜಿ. ಬಸ್ ತಪ್ಪಿದರೆ ಏನು ಮಾಡಬೇಕು ಎಂಬುದನ್ನು ಮಗುವಿಗೆ ಬಾಯಿಪಾಠವಾಗುವಷ್ಟು ಹೇಳಿಕೊಡಿ: ಯಾರ ಅಂಗಡಿಯಲ್ಲಿ ಕೂರಬೇಕು, ಯಾರಿಗೆ ಫೋನ್ ಮಾಡಿಸಬೇಕು. ನಿಮ್ಮ ಫೋನ್ ನಂಬರ್ ಮಗುವಿಗೆ ನೋಡದೆ ಹೇಳಲು ಬರಬೇಕು.

ಹಂತ 4: ಒಬ್ಬ ಟೀಚರ್ ಬದಲು ನಾಲ್ಕೈದು ಜನ

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ. ಸಣ್ಣ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಎಲ್ಲ ವಿಷಯ ಹೇಳಿಕೊಡುತ್ತಿದ್ದರು. ಮಗುವಿನ ಅಪ್ಪ ಊರಲ್ಲಿಲ್ಲ, ತಂಗಿಗೆ ಜ್ವರ, ಎಡಗೈಯಲ್ಲಿ ಬರೆಯುತ್ತಾಳೆ, ಇದೆಲ್ಲ ಅವರಿಗೆ ಗೊತ್ತಿತ್ತು. ಇಲ್ಲಿ ಭಾಷೆಗೊಬ್ಬರು, ಗಣಿತ-ವಿಜ್ಞಾನಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು. ಗಂಟೆ ಹೊಡೆದ ಕೂಡಲೇ ಸರ್ ಹೋಗಿ ಮಿಸ್ ಬರುತ್ತಾರೆ.

ಮೊದಲ ವಾರದ ಒಂದು ನೋಟ ಹೇಳುತ್ತೇನೆ. ವಿಜ್ಞಾನದ ಪಿರಿಯಡ್ ಮುಗಿದು ಹಿಂದಿ ಶುರುವಾಗಿದೆ. ಹುಡುಗಿಯೊಬ್ಬಳು ಬೋರ್ಡಿನ ಮೇಲಿದ್ದ ವಿಜ್ಞಾನದ ಕೊನೆಯ ಎರಡು ಸಾಲು ಇನ್ನೂ ಬರೆದುಕೊಂಡಿಲ್ಲ. ಡಸ್ಟರ್ ಓಡಿತು. ಅವಳು ಅದೇ ನೋಟ್‌ಬುಕ್‌ನ ಮುಂದಿನ ಪುಟದಲ್ಲಿ ಹಿಂದಿ ಅಕ್ಷರ ತಿದ್ದತೊಡಗಿದಳು, ಏಕೆಂದರೆ ಹಿಂದಿಯ ನೋಟ್‌ಬುಕ್ ತಂದಿಲ್ಲ, ತಂದಿಲ್ಲವೆಂದು ಹೇಳಲು ಭಯ. ಎರಡು ವಾರದಲ್ಲಿ ಅವಳ ನೋಟ್ಸ್ ಎಲ್ಲ ಕಲಸಿಹೋಗಿತ್ತು. ಬುದ್ಧಿಯಲ್ಲಿ ಅವಳು ಯಾರಿಗೂ ಕಡಿಮೆ ಇರಲಿಲ್ಲ.

ಇದಕ್ಕೆ ಮನೆಯ ಮದ್ದು ಸುಲಭ. ಶಾಲೆ ಶುರುವಾದ ದಿನವೇ ವೇಳಾಪಟ್ಟಿಯನ್ನು ಮಗುವಿನ ಕೈಯಲ್ಲೇ ಬರೆಸಿ, ಗೋಡೆಗೆ ಅಂಟಿಸಿ. ವಿಷಯಕ್ಕೊಂದು ಬಣ್ಣದ ರಟ್ಟು ಹಾಕಿ ನೋಟ್‌ಬುಕ್ ಗುರುತಿಸಿ. ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ, ನಾಳೆಯ ವೇಳಾಪಟ್ಟಿ ನೋಡಿ ಮಗುವೇ ಬ್ಯಾಗ್ ತುಂಬಿಕೊಳ್ಳಲಿ. ನೀವು ತುಂಬಿಕೊಡಬೇಡಿ. ಒಂದು ಪುಸ್ತಕ ಮರೆತು ಬೈಸಿಕೊಂಡರೂ ಚಿಂತೆಯಿಲ್ಲ.

ಜೊತೆಗೆ ನಾಲ್ಕು ಮಾತುಗಳನ್ನು ಬಾಯಿಗೆ ಬರಿಸಿ: "ಸರ್, ಇನ್ನೊಂದು ಸಲ ಹೇಳ್ತೀರಾ?", "ಮಿಸ್, ನನಗೆ ಬೋರ್ಡ್ ಕಾಣ್ತಿಲ್ಲ", "ನೋಟ್‌ಬುಕ್ ತಂದಿಲ್ಲ ಸರ್, ನಾಳೆ ತರ್ತೀನಿ", "ಹೊರಗೆ ಹೋಗಿ ಬರ್ಲಾ ಮಿಸ್?" ಮನೆಯಲ್ಲಿ ನೀವು ಟೀಚರ್ ಆಗಿ, ಮಗು ಎದ್ದು ನಿಂತು ಕೇಳಲಿ. ರಜೆಯಲ್ಲಿ ಕಿರಾಣಿ ಅಂಗಡಿಗೆ, ಪೋಸ್ಟ್ ಆಫೀಸಿಗೆ, ರೇಷನ್ ಅಂಗಡಿಗೆ ಮಗುವನ್ನೇ ಮುಂದೆ ಬಿಟ್ಟು ಮಾತಾಡಿಸಿ. ಅಪರಿಚಿತ ಹಿರಿಯರೊಡನೆ ಅಂಜದೆ ಮಾತಾಡುವುದು ಬಳಕೆಯಿಂದ ಬರುತ್ತದೆ.

ಹಂತ 5: ಪಾಠದಲ್ಲಿ ಹೊಸತು ಏನಿದೆ?

ಐದರವರೆಗಿನ ಪರಿಸರ ಅಧ್ಯಯನ ಆರರಲ್ಲಿ ವಿಜ್ಞಾನ, ಸಮಾಜ ವಿಜ್ಞಾನ ಎಂದು ಎರಡಾಗುತ್ತದೆ. ತೃತೀಯ ಭಾಷೆ ಶುರುವಾಗುತ್ತದೆ. ಬಹುತೇಕ ಕಡೆ ಅದು ಹಿಂದಿ, ಕರಾವಳಿಯ ಕೆಲವು ಶಾಲೆಗಳಲ್ಲಿ ತುಳು ಆಯ್ಕೆಯೂ ಉಂಟು. ಕನ್ನಡದ ಒತ್ತಕ್ಷರ ಕೆಳಗೆ ಬಂದರೆ ಹಿಂದಿಯ ಅರ್ಧಾಕ್ಷರ ಪಕ್ಕದಲ್ಲಿ ಬರುತ್ತದೆ, ಮಕ್ಕಳು ಎಡವುವುದು ಅಲ್ಲಿಯೇ. ರಜೆಯಲ್ಲಿ ದಿನಕ್ಕೆ ಮೂರು ನಾಲ್ಕು ಅಕ್ಷರ ತಿದ್ದಿದರೂ ಸಾಕು, ವ್ಯಾಕರಣದ ಗೊಡವೆ ಬೇಡ.

ನಿಜವಾಗಿ ಕಾಲೆಳೆಯುವುದು ಗಣಿತ. ಆರರಲ್ಲಿ ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆಗಳು, ಅಂಕಿಯ ಜಾಗದಲ್ಲಿ ಅಕ್ಷರ ಇಡುವ ಬೀಜಗಣಿತ ಬರುತ್ತವೆ. ಇವು ಅರ್ಥವಾಗಲು 20ರವರೆಗಿನ ಮಗ್ಗಿ ಮತ್ತು ಭಾಗಾಕಾರ ಗಟ್ಟಿಯಿರಬೇಕು. 156ನ್ನು 12ರಿಂದ ಭಾಗಿಸಲು ಕೊಟ್ಟು ನೋಡಿ. ತಡವರಿಸಿದರೆ ರಜೆಯಲ್ಲಿ ದಿನಕ್ಕೆ ಐದೇ ಲೆಕ್ಕ ಮಾಡಿಸಿ, ಹೆಚ್ಚು ಬೇಡ. ನಿಮಗೆ ಓದು ಬರೆಹ ಬಾರದಿದ್ದರೂ ಸಂತೆಯಲ್ಲಿ ಮುಕ್ಕಾಲು ಕೆಜಿ ಟೊಮೆಟೊಗೆ ಎಷ್ಟಾಯಿತು ಎಂದು ಮಗುವಿನಿಂದಲೇ ಲೆಕ್ಕ ಹಾಕಿಸಬಹುದು. ಭಿನ್ನರಾಶಿಯೂ ದಶಮಾಂಶವೂ ಅದರಲ್ಲೇ ಇವೆ. ಓದಿನ ವಿಷಯಕ್ಕೆ ಬಂದರೆ, ದಿನವೂ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ ಏನಾಯಿತೆಂದು ತನ್ನ ಮಾತಿನಲ್ಲಿ ಹೇಳಲಿ. ಕನ್ನಡ ಸರಾಗವಾಗಿ ಓದಬಲ್ಲ ಮಗುವಿಗೆ ವಿಜ್ಞಾನವೂ ಇತಿಹಾಸವೂ ಅರ್ಧ ಸುಲಭವಾದಂತೆ.

ಹಂತ 6: ಬೆಳೆಯುವ ಮೈ, ಬೆಳೆಯುವ ಮನಸ್ಸು

ಆರನೇ ತರಗತಿಯ ವಯಸ್ಸಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಋತುಮತಿಯಾಗುತ್ತಾರೆ. ಶಾಲೆಯಲ್ಲಿ ಮೊದಲ ಸಲ ಆದರೆ ಏನು ಮಾಡಬೇಕು ಎಂದು ಅಮ್ಮನೋ ದೊಡ್ಡಮ್ಮನೋ ಮೊದಲೇ ಕೂರಿಸಿಕೊಂಡು ಹೇಳಬೇಕು. ಬ್ಯಾಗಿನ ಒಳಜೇಬಿನಲ್ಲಿ ಒಂದು ಪ್ಯಾಡ್, ಒಂದು ಒಳ ಉಡುಪು ಇಟ್ಟಿರಲಿ. ಯಾವ ಮಿಸ್‌ಗೆ ಹೇಳಬೇಕು ಎಂಬುದೂ ಗೊತ್ತಿರಲಿ. ಗಂಡುಮಕ್ಕಳಿಗೂ ಇದನ್ನು ತಿಳಿಸಿ, ಸಹಪಾಠಿಯನ್ನು ನೋಡಿ ನಗಬಾರದು ಎಂಬುದು ಮನೆಯಲ್ಲೇ ಕಲಿಯಬೇಕಾದ ಪಾಠ.

ಹೊಸ ಶಾಲೆಯಲ್ಲಿ ಅಡ್ಡಹೆಸರು ಇಡುವವರು, ಊರಿನ ಅಥವಾ ಜಾತಿಯ ಹೆಸರು ಹಿಡಿದು ಆಡಿಕೊಳ್ಳುವವರು ಸಿಗಬಹುದು. "ಸುಮ್ಮನಿದ್ದುಬಿಡು" ಎನ್ನಬೇಡಿ. ಮನೆಯಲ್ಲಿ ಹೇಳು, ತರಗತಿಯ ಶಿಕ್ಷಕರಿಗೆ ಹೇಳು ಎಂದು ಹೇಳಿ, ನೀವೂ ಹೋಗಿ ಮಾತಾಡಿ. ಯಾರಾದರೂ ಮುಟ್ಟಬಾರದಂತೆ ಮುಟ್ಟಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ತಕ್ಷಣ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು, ಹಣ ಬೇಕಿಲ್ಲ.

ಹಂತ 7: ಮೊದಲ ಎರಡು ತಿಂಗಳು

ದೂರ ಹೋಗುವ ಮಗು ಮನೆ ಬಿಡುವುದು ಬೇಗ, ಬಿಸಿಯೂಟ ಮಧ್ಯಾಹ್ನಕ್ಕೆ. ಬೆಳಗ್ಗೆ ರೊಟ್ಟಿಯೋ ಮುದ್ದೆಯೋ ಉಪ್ಪಿಟ್ಟೋ ಹೊಟ್ಟೆಗೆ ಬಿದ್ದೇ ಹೊರಡಲಿ. ಸಂಜೆ ಬಂದ ಕೂಡಲೇ "ಎಷ್ಟು ಅಂಕ ಬಂತು?" ಎನ್ನಬೇಡಿ. ಇವತ್ತು ಯಾರ ಪಕ್ಕ ಕೂತೆ, ಯಾರ ಜೊತೆ ಉಂಡೆ ಎಂದು ಕೇಳಿ. ಮೂರು ವಾರವಾದರೂ ಒಬ್ಬ ಗೆಳೆಯನ ಹೆಸರೂ ಹೇಳದಿದ್ದರೆ, ಸೋಮವಾರ ಬಂದರೆ ಹೊಟ್ಟೆನೋವು ಎನ್ನುತ್ತಿದ್ದರೆ, ತಡಮಾಡದೆ ಶಾಲೆಗೆ ಹೋಗಿ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬರುವುದು ಸಾಮಾನ್ಯ, ಹೊಡೆಯುವ ಮಾತಂತೂ ಬೇಡವೇ ಬೇಡ. ಆಗಸ್ಟ್ ಒಳಗೆ ಒಂದು ದಿನ ಕೂಲಿ ಬಿಟ್ಟಾದರೂ ಎಲ್ಲ ವಿಷಯ ಶಿಕ್ಷಕರನ್ನು ಕಂಡು ಬನ್ನಿ. ಮನೆಯವರ ಮುಖ ಕಂಡ ಮಗುವಿನ ಹೆಸರು ಶಿಕ್ಷಕರಿಗೂ ಬೇಗ ನೆನಪಿರುತ್ತದೆ.

ಕೊನೆಗೊಂದು ಕೋರಿಕೆ. ಐದನೇ ತರಗತಿ ಮುಗಿಸಿ ಟಿಸಿಯನ್ನು ಟ್ರಂಕಿನಲ್ಲಿಟ್ಟು, ಎಮ್ಮೆ ಕಾಯಲೋ ಕೂಸು ಆಡಿಸಲೋ ಮನೆಯಲ್ಲಿ ಉಳಿದ ಮಗು ನಿಮ್ಮ ಓಣಿಯಲ್ಲಿ ಇದ್ದರೆ, ಅದರ ತಂದೆ-ತಾಯಿಯ ಜೊತೆ ಒಮ್ಮೆ ಮಾತಾಡಿ, ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರಿಗೆ ತಿಳಿಸಿ. ಜೂನ್ ದಾಟಿದ್ದರೂ ಪರವಾಗಿಲ್ಲ. 14 ವರ್ಷದೊಳಗಿನ ಮಗುವನ್ನು ವರ್ಷದ ನಡುವೆ ಬಂದರೂ ಶಾಲೆ ಸೇರಿಸಿಕೊಳ್ಳಲೇಬೇಕು.