ಆತಿಥೇಯನ ಬಾಗಿಲು

ಅತಿಥಿಯಾಗುವುದು ಸುಲಭ, ಆತಿಥೇಯನಾಗುವುದು ಅಷ್ಟು ಸುಲಭವಲ್ಲ. ಅತಿಥಿಗೆ ತಾನು ಹೋಗಬೇಕಾದ ಮನೆಯ ವಿಳಾಸ ತಿಳಿದಿದ್ದರೆ ಸಾಕು. ಆತಿಥೇಯನಾದರೋ ತನ್ನ ವಿಳಾಸವನ್ನು ತಿಳಿಸಬೇಕು, ಬಾಗಿಲನ್ನು ತೆರೆದಿರಬೇಕು, ಬಂದವರು ಯಾರೆಂದು ನೋಡಬೇಕು, ಅವರು ಹೊರಟ ಮೇಲೆ ಮರೆಯದೆ ಅಗಳಿ ಹಾಕಬೇಕು. ಈ ಮಾತು ಊರಿನ ಮನೆಗೆ ಸಲ್ಲುವಂತೆಯೇ ಅಂತರಜಾಲದ ಮನೆಗೂ ಸಲ್ಲುತ್ತದೆ.

ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟವನ್ನು ಇಂದಿನ ಮಕ್ಕಳಲ್ಲಿ ಹಲವರು ಬಲ್ಲರು. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬಾತನು ರೂಪಿಸಿ 2009ರಲ್ಲಿ ಜನರ ಮುಂದಿಟ್ಟ ಆಟವಿದು. ಇದರಲ್ಲಿ ಆಟಗಾರರು ಘನಾಕಾರದ ತುಂಡುಗಳನ್ನು ಜೋಡಿಸಿ ಮನೆ, ಕೋಟೆ, ಸೇತುವೆಗಳನ್ನು ಕಟ್ಟುತ್ತಾರೆ. ಒಬ್ಬರೇ ಆಡಬಹುದು, ಹಲವರು ಒಂದೇ ಲೋಕದಲ್ಲಿ ಕೂಡಿಯೂ ಆಡಬಹುದು. ಕೂಡಿ ಆಡಬೇಕಾದರೆ ಯಾವುದಾದರೊಂದು ಕಂಪ್ಯೂಟರು ಆ ಲೋಕವನ್ನು ಹೊತ್ತು ನಿಂತು, ಯಾರು ಎಲ್ಲಿದ್ದಾರೆ, ಯಾರು ಏನನ್ನು ಕಟ್ಟಿದರು ಎಂಬ ಲೆಕ್ಕವನ್ನು ಎಲ್ಲರಿಗೂ ತಿಳಿಸುತ್ತಿರಬೇಕು. ಹೀಗೆ ಸೇವೆ ಸಲ್ಲಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಆಟದ ಜಾವಾ ಆವೃತ್ತಿಗೆ ಬೇಕಾದ ಸರ್ವರ್ ತಂತ್ರಾಂಶವನ್ನು ತಯಾರಕರೇ ಉಚಿತವಾಗಿ ಒದಗಿಸಿರುವುದರಿಂದ ಮನೆಯ ಸಾಮಾನ್ಯ ಕಂಪ್ಯೂಟರೂ ಆತಿಥೇಯನಾಗಬಲ್ಲದು.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಲ್ಲಿ ಹುಡುಗಿಯೊಬ್ಬಳು ಬೇಸಗೆಯ ರಜೆಯಲ್ಲಿ ತನ್ನ ಕಂಪ್ಯೂಟರಿನಲ್ಲಿ ಇಂಥ ಸರ್ವರನ್ನು ನಡೆಸತೊಡಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಕುಳಿತ ತಮ್ಮನು ಒಡನೆಯೇ ಅವಳ ಲೋಕವನ್ನು ಪ್ರವೇಶಿಸುತ್ತಾನೆ. ಆದರೆ ಎದುರು ಬೀದಿಯ ಗೆಳತಿ ತನ್ನ ಮನೆಯಿಂದ ಅದೇ ವಿಳಾಸವನ್ನು ಬರೆದು ಎಷ್ಟು ಸಲ ಪ್ರಯತ್ನಿಸಿದರೂ ಸಂಪರ್ಕ ದೊರೆಯುವುದಿಲ್ಲ. ಸಾವಿರಾರು ಮೈಲಿ ದೂರದ ಅಮೆರಿಕದ ಜಾಲತಾಣವನ್ನು ಕ್ಷಣಮಾತ್ರದಲ್ಲಿ ತೆರೆಯಬಲ್ಲ ಗೆಳತಿ ಎದುರು ಬೀದಿಯ ಮನೆಯನ್ನು ತಲುಪಲಾರಳು! ಈ ವಿಚಿತ್ರಕ್ಕೆ ಕಾರಣವೇನು? ಅವಳನ್ನು ತಡೆದವರಾರು?

ತಡೆದದ್ದು ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತ ಕುಳಿತಿರುವ ರೂಟರ್ ಎಂಬ ಪುಟ್ಟ ಪೆಟ್ಟಿಗೆ. ಅದು ಹಾಗೇಕೆ ತಡೆಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಿನ ಕಥೆಯನ್ನು ನೋಡಬೇಕು.

ಅಂತರಜಾಲದಲ್ಲಿ ಸಂದೇಶಗಳು ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತವೆ. ಪ್ರತಿಯೊಂದು ಕಟ್ಟಿನ ಮೇಲೂ ಕಳುಹಿಸಿದವರ ಮತ್ತು ತಲುಪಬೇಕಾದವರ ವಿಳಾಸಗಳಿರುತ್ತವೆ. ಇವಕ್ಕೆ ಐಪಿ ವಿಳಾಸಗಳೆನ್ನುತ್ತಾರೆ. 1981ರಲ್ಲಿ ಗೊತ್ತುಪಡಿಸಿದ ನಿಯಮದಂತೆ ವಿಳಾಸವು 32 ದ್ವಿಮಾನ ಅಂಕಿಗಳ ಒಂದು ಸಂಖ್ಯೆ. ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ ಸಾಧ್ಯ. ಅಂದಿನ ಕಂಪ್ಯೂಟರುಗಳು ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾಲಯಗಳಲ್ಲಿ ಇದ್ದ ದುಬಾರಿ ಯಂತ್ರಗಳು. ಅವುಗಳಿಗೆ ಈ ಸಂಖ್ಯೆ ಧಾರಾಳವಾಗಿತ್ತು. ಒಂದೊಂದು ಮನೆಯಲ್ಲೂ ನಾಲ್ಕಾರು ಯಂತ್ರಗಳು ಜಾಲಕ್ಕೆ ಸೇರುವ ಕಾಲ ಬರಬಹುದೆಂದು ಆಗ ಯಾರು ಎಣಿಸಿದ್ದರು? ಆದರೆ ಆ ಕಾಲ ಬಂದಿತು. ಹಂಚಲು ಉಳಿದಿದ್ದ ವಿಳಾಸಗಳ ಕೊನೆಯ ದೊಡ್ಡ ಭಾಗಗಳನ್ನು ಜಾಗತಿಕ ಭಂಡಾರದಿಂದ 2011ರ ಫೆಬ್ರುವರಿ 3ರಂದು ಹಂಚಿಬಿಡಲಾಯಿತು.

ಈ ಕೊರತೆಯನ್ನು ಮೊದಲೇ ಕಂಡಿದ್ದ ತಜ್ಞರು ಒಂದು ಉಪಾಯವನ್ನು ಸೂಚಿಸಿದ್ದರು. ಕೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬಿಬ್ಬರು 1994ರಲ್ಲಿ ವಿಳಾಸ ಪರಿವರ್ತನೆಯ ಕ್ರಮವನ್ನು ವಿವರಿಸಿದರು. ಅವರ ಪ್ರಕಾರ ಅದು ತಾತ್ಕಾಲಿಕ ಪರಿಹಾರ. ಆ ತಾತ್ಕಾಲಿಕ ಪರಿಹಾರವೇ ಇಂದು ಮನೆಮನೆಯ ರೂಟರಿನಲ್ಲಿ ನೆಲೆಯೂರಿದೆ.

ಇದರ ಬಗೆಯನ್ನು ಒಂದು ವಿದ್ಯಾರ್ಥಿನಿಲಯದ ಹೋಲಿಕೆಯಿಂದ ತಿಳಿಯಬಹುದು. ನಿಲಯದಲ್ಲಿ ನೂರು ಕೋಣೆಗಳಿವೆ. ಆದರೆ ಅಂಚೆಯವನಿಗೆ ಗೊತ್ತಿರುವುದು ಹೆಬ್ಬಾಗಿಲಿನ ವಿಳಾಸ ಒಂದೇ. ಒಳಗಿನ ವಿದ್ಯಾರ್ಥಿ ಕಾಗದ ಬರೆದರೆ ಬಾಗಿಲಿನ ಗುಮಾಸ್ತನು ಅದರ ಮೇಲೆ ನಿಲಯದ ವಿಳಾಸವನ್ನೂ ಒಂದು ಸಂಖ್ಯೆಯನ್ನೂ ಬರೆದು, ಆ ಸಂಖ್ಯೆ ಯಾವ ಕೋಣೆಯದೆಂಬುದನ್ನು ತನ್ನ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಸಂಖ್ಯೆಯನ್ನು ನೋಡಿ ಕೋಣೆಗೆ ತಲುಪಿಸುತ್ತಾನೆ. ಯಾರೂ ಬರೆಯದ ಕಾಗದಕ್ಕೆ ಉತ್ತರವೆಂಬಂತೆ, ಪುಸ್ತಕದಲ್ಲಿಲ್ಲದ ಸಂಖ್ಯೆಯೊಡನೆ ಹೊರಗಿನಿಂದ ಕಾಗದವೊಂದು ಬಂದರೆ? ಅದು ಯಾರಿಗೆ ಸೇರಬೇಕೆಂಬುದು ಗುಮಾಸ್ತನಿಗೆ ತಿಳಿಯದು. ಅವನು ಅದನ್ನು ಪಕ್ಕಕ್ಕೆ ಎಸೆಯುತ್ತಾನೆ.

ರೂಟರ್ ಮಾಡುವುದೂ ಇಷ್ಟೇ. ಗೆಳತಿ ಅಮೆರಿಕದ ಜಾಲತಾಣವನ್ನು ತೆರೆದಾಗ ಮೊದಲ ಸಂದೇಶ ಅವಳ ಮನೆಯೊಳಗಿನಿಂದ ಹೊರಟಿತ್ತು. ಆದ್ದರಿಂದ ಉತ್ತರಕ್ಕೆ ದಾರಿಯಿತ್ತು. ಅವಳು ಎದುರು ಬೀದಿಯ ಸರ್ವರನ್ನು ತಟ್ಟಿದಾಗ ಆ ಮನೆಯ ರೂಟರಿಗೆ ಅದು ಕರೆಯದೆ ಬಂದ ಸಂದೇಶ. ಹೀಗೆ ವಿಳಾಸ ಉಳಿಸಲೆಂದು ಹುಟ್ಟಿದ ಉಪಾಯವು ಉದ್ದೇಶಿಸದೆಯೇ ಮನೆಗೆ ಕಾವಲಾಗಿಯೂ ಪರಿಣಮಿಸಿತು. ಅದರೊಡನೆ ಮನೆಯ ಯಂತ್ರಗಳೆಲ್ಲ ಅತಿಥಿಗಳಾಗಿ ಹೊರಗೆ ಹೋಗಬಲ್ಲವೇ ಹೊರತು ಆತಿಥೇಯರಾಗಲಾರವು ಎಂಬ ಸ್ಥಿತಿಯೂ ಒದಗಿತು.

ಹುಡುಗಿ ಗೆಳತಿಗೆ ಕೊಟ್ಟ ವಿಳಾಸದಲ್ಲೂ ಒಂದು ತಪ್ಪಿತ್ತು. 192.168.1.20 ಎಂಬಂಥ ವಿಳಾಸಗಳು ಮನೆಯೊಳಗಿನ ಬಳಕೆಗೆಂದೇ ಮೀಸಲಾದವು. ಲಕ್ಷಾಂತರ ಮನೆಗಳಲ್ಲಿ ಅವೇ ಇರುತ್ತವೆ. “ಅರಳಿಕಟ್ಟೆಯ ಎದುರಿನ ಮನೆ” ಎಂಬ ಗುರುತು ಒಂದು ಊರಿನವರಿಗೆ ಸಾಕು, ಹೊರಗಿನವರಿಗೆ ಸಾಲದು. ಊರೂರಿಗೂ ಅರಳಿಕಟ್ಟೆಯಿದೆಯಷ್ಟೆ! ಹೊರಗಿನ ಗೆಳತಿಗೆ ಬೇಕಾದದ್ದು ರೂಟರಿಗೆ ಸೇವಾಸಂಸ್ಥೆಯು ಕೊಟ್ಟಿರುವ ಹೊರವಿಳಾಸ.

ಇನ್ನು ಬಾಗಿಲನ್ನು ತೆರೆಯುವ ಬಗೆ. ಒಂದೇ ಯಂತ್ರದಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯುವುದರಿಂದ ಒಂದೊಂದು ಕೆಲಸಕ್ಕೂ ಒಂದೊಂದು ದ್ವಾರಸಂಖ್ಯೆ ಇರುತ್ತದೆ. ಇದಕ್ಕೆ ಪೋರ್ಟ್ ಎನ್ನುತ್ತಾರೆ. 0ಯಿಂದ 65,535ರ ವರೆಗೆ ಈ ಸಂಖ್ಯೆಗಳಿವೆ. ಸುರಕ್ಷಿತ ಜಾಲತಾಣಗಳಿಗೆ ವಾಡಿಕೆಯಾಗಿ 443. ಮೈನ್‌ಕ್ರಾಫ್ಟಿನ ಜಾವಾ ಸರ್ವರಿಗೆ 25565. ಹೊರಗಿನಿಂದ ಈ ಸಂಖ್ಯೆಗೆ ಬಂದ ಸಂದೇಶವನ್ನು ಇಂಥ ಕಂಪ್ಯೂಟರಿಗೇ ತಲುಪಿಸಬೇಕೆಂದು ರೂಟರಿಗೆ ಮೊದಲೇ ಅಪ್ಪಣೆ ಕೊಟ್ಟಿದ್ದರೆ ತೊಡಕು ಕಳೆಯಿತು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು.

ಈ ಕೆಲಸದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದಾಗಿ, ಸರ್ವರ್ ನಡೆಸುವ ಕಂಪ್ಯೂಟರಿನ ಒಳವಿಳಾಸವನ್ನು ಸ್ಥಿರಗೊಳಿಸಬೇಕು. ರೂಟರ್ ಒಳವಿಳಾಸಗಳನ್ನು ಕೆಲಕಾಲದ ಮಟ್ಟಿಗೆ ಮಾತ್ರ ಕೊಡುತ್ತದೆ. ಇಂದು ಒಂದಿದ್ದದ್ದು ನಾಳೆ ಬದಲಾದರೆ ಅಪ್ಪಣೆ ಬೇರೊಂದು ಯಂತ್ರದ ಪಾಲಾದೀತು. ಎರಡನೆಯದಾಗಿ, ರೂಟರಿನ ವ್ಯವಸ್ಥಾಪನ ಪುಟವನ್ನು ತೆರೆದು ದ್ವಾರಸಂಖ್ಯೆ, ಒಳವಿಳಾಸ, ಸಾಗಣೆಯ ಕ್ರಮ ಈ ಮೂರನ್ನೂ ಬರೆಯಬೇಕು. ಸಾಗಣೆಯಲ್ಲಿ ಎರಡು ಕ್ರಮಗಳು: ತಲುಪಿದ್ದನ್ನು ಖಚಿತಪಡಿಸಿಕೊಳ್ಳುವ ಟಿಸಿಪಿ ನೋಂದಾಯಿತ ಅಂಚೆಯಂತೆ, ಕಳುಹಿಸಿ ಸುಮ್ಮನಾಗುವ ಯುಡಿಪಿ ಸಾಮಾನ್ಯ ಅಂಚೆಯಂತೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ ಬಳಸುವುದು ಮೊದಲನೆಯದನ್ನು. ಮೂರನೆಯದಾಗಿ, ಕಂಪ್ಯೂಟರಿನೊಳಗಿರುವ ಫೈರ್‌ವಾಲ್ ಎಂಬ ಇನ್ನೊಂದು ಕಾವಲಿಗೂ ಆ ಸರ್ವರಿನ ಮಟ್ಟಿಗೆ ಒಪ್ಪಿಗೆ ಸೂಚಿಸಬೇಕು. ಕೊನೆಯದಾಗಿ, ಬೇರೊಂದು ಮನೆಯಿಂದ ಪರೀಕ್ಷಿಸಬೇಕು. ಒಳಗೆ ನಿಂತು ತಟ್ಟಿದರೆ ಹೊರಬಾಗಿಲು ತೆರೆದಿದೆಯೇ ಎಂಬುದು ಹೇಗೆ ತಿಳಿದೀತು?

ಇಷ್ಟು ಮಾಡಿದರೂ ಕೆಲವು ಮನೆಗಳಲ್ಲಿ ಫಲ ದೊರೆಯುವುದಿಲ್ಲ. ವಿಳಾಸಗಳ ಅಭಾವದಿಂದಾಗಿ ಅನೇಕ ಸೇವಾಸಂಸ್ಥೆಗಳು ಹಲವು ಮನೆಗಳಿಗೆ ಒಂದೇ ಹೊರವಿಳಾಸವನ್ನು ಹಂಚಿರುತ್ತವೆ. ಮನೆಯ ರೂಟರಿನಾಚೆ ಸಂಸ್ಥೆಯಲ್ಲೂ ಒಬ್ಬ ಗುಮಾಸ್ತನು ಕುಳಿತಂತಾಯಿತು. ಮನೆಯವರ ಅಪ್ಪಣೆ ಅವನಿಗೆ ಸಲ್ಲದು. ರೂಟರ್ ತೋರಿಸುವ ಹೊರವಿಳಾಸವೂ ಹೊರಗಿನ ಜಾಲತಾಣಕ್ಕೆ ಕಾಣುವ ವಿಳಾಸವೂ ಬೇರೆ ಬೇರೆಯಾಗಿದ್ದರೆ ಇಂಥ ಇಮ್ಮಡಿ ಗೋಡೆಯಿದೆಯೆಂದು ಊಹಿಸಬಹುದು. ಆಗ ಸಂಸ್ಥೆಯಿಂದ ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕು. ಇಲ್ಲವೇ ಐಪಿಯ ಆರನೆಯ ಆವೃತ್ತಿಯನ್ನು ಆಶ್ರಯಿಸಬೇಕು. 1995ರಲ್ಲಿ ಮೊದಲ ಬಾರಿಗೆ ವಿವರಿಸಲಾದ ಈ ಆವೃತ್ತಿಯಲ್ಲಿ ವಿಳಾಸಕ್ಕೆ 128 ದ್ವಿಮಾನ ಅಂಕಿಗಳಿವೆ. ಪ್ರತಿಯೊಂದು ಯಂತ್ರಕ್ಕೂ ಸ್ವಂತ ವಿಳಾಸ ಕೊಟ್ಟರೂ ಅವು ಮುಗಿಯುವ ಭಯವಿಲ್ಲ. ಇದನ್ನು ಹೆಚ್ಚಾಗಿ ಬಳಸುವ ದೇಶಗಳಲ್ಲಿ ಭಾರತವೂ ಒಂದು. ಆದರೂ ಬಾಗಿಲು ಕಾಯುವ ಕೆಲಸ ಅಲ್ಲಿಯೂ ತಪ್ಪುವುದಿಲ್ಲ.

ಏಕೆಂದರೆ ತೆರೆದ ಬಾಗಿಲು ಗೆಳೆಯರಿಗೆ ಮಾತ್ರ ಕಾಣುವುದಲ್ಲ. ಅಂತರಜಾಲದಲ್ಲಿ ಮನೆಮನೆಯ ಬಾಗಿಲನ್ನೂ ತಳ್ಳಿ ನೋಡುತ್ತ ತಿರುಗುವ ತಂತ್ರಾಂಶಗಳು ಹಗಲಿರುಳೂ ಇವೆ. 2021ರ ಡಿಸೆಂಬರಿನಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ನಡೆದ ಸಂಗತಿಗಳನ್ನು ದಾಖಲಿಸಲು ಅಸಂಖ್ಯಾತ ಸರ್ವರ್‌ಗಳು ಬಳಸುತ್ತಿದ್ದ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದಲ್ಲಿ ಒಂದು ದೋಷ ಬಯಲಾಯಿತು. ಅದು ಜನರ ಗಮನಕ್ಕೆ ಬಂದ ಮೊದಲ ಎಡೆಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರ್‌ಗಳೂ ಸೇರಿದ್ದವು. ಆಟದ ನಡುವೆ ಮಾತನಾಡಲೆಂದು ಇರುವ ಜಾಗದಲ್ಲಿ ವಿಶೇಷವಾಗಿ ರಚಿಸಿದ ಒಂದು ಸಾಲನ್ನು ಬರೆದರೆ ಸಾಕು, ಸರ್ವರ್ ಹೊರಗಿನವರ ಆಜ್ಞೆಯನ್ನು ತರಿಸಿಕೊಂಡು ಪಾಲಿಸುವಂತಿತ್ತು. ತಯಾರಕರು ಒಡನೆಯೇ ತಿದ್ದಿದ ಆವೃತ್ತಿಯನ್ನು ಹೊರತಂದರು. ಅದನ್ನು ಹಾಕಿಕೊಂಡವರು ಪಾರಾದರು. ಹಳೆಯದನ್ನೇ ನಡೆಸಿದವರ ಬಾಗಿಲು ಯಾರಿಗೆ ಬೇಕಾದರೂ ತೆರೆದೇ ಇತ್ತು.

ಇನ್ನೊಂದು ಘಟನೆ 2016ರದು. ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾವಲು ಕ್ಯಾಮರಾಗಳನ್ನೂ ಮನೆಯ ರೂಟರ್‌ಗಳನ್ನೂ ಹುಡುಕಿ, ಕಾರ್ಖಾನೆಯಲ್ಲಿ ಇಟ್ಟಿದ್ದ ಗುಪ್ತಪದಗಳನ್ನೇ ಪ್ರಯೋಗಿಸಿ ಒಳಹೊಕ್ಕಿತು. ಹಾಗೆ ವಶವಾದ ಯಂತ್ರಗಳೆಲ್ಲ ಒಟ್ಟಾಗಿ ಒಂದೇ ಗುರಿಯ ಮೇಲೆ ಸಂದೇಶಗಳ ಮಳೆಗರೆದರೆ ಎಂಥ ಸರ್ವರೂ ಕುಸಿಯುತ್ತದೆ. ಅದನ್ನು ರಚಿಸಿದ ಅಮೆರಿಕದ ಮೂವರು ತರುಣರು 2017ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಮೈನ್‌ಕ್ರಾಫ್ಟ್ ಸರ್ವರ್‌ಗಳ ನಡುವಣ ಪೈಪೋಟಿಯಲ್ಲಿ ಮೇಲುಗೈ ಪಡೆಯುವ ಆಸೆಯೇ ಅದರ ಹುಟ್ಟಿಗೆ ಕಾರಣವಾಗಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಅವರು ಅದರ ಮೂಲಬರಹವನ್ನು ಬಹಿರಂಗಗೊಳಿಸಿದ್ದರಿಂದ ಅದು ಇತರರ ಕೈಗೂ ಸೇರಿತ್ತು. 2016ರ ಅಕ್ಟೋಬರ್ 21ರಂದು ಅದೇ ಬಗೆಯ ದಾಳಿಯಿಂದ ಹಲವು ಪ್ರಸಿದ್ಧ ಜಾಲತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ದೊರೆಯದಾದವು. ಆಟದ ಜಗಳ ಎಲ್ಲಿಗೆ ಮುಟ್ಟಿತು! ಅದಕ್ಕೆ ಆಯುಧವಾದದ್ದು ಏನನ್ನೂ ಅರಿಯದ ಮನೆಗಳ ಪೆಟ್ಟಿಗೆಗಳು.

ಆದುದರಿಂದ ಆತಿಥೇಯನು ಕೆಲವು ನಿಯಮಗಳನ್ನು ಪಾಲಿಸಬೇಕು. ರೂಟರ್ ಇಡೀ ಮನೆಗೆ ಸೇರಿದ್ದು. ಅದರ ಹಿಂದೆ ತಂದೆಯ ಲೆಕ್ಕಪತ್ರಗಳೂ ತಾಯಿಯ ಕಚೇರಿಯ ಕೆಲಸವೂ ಇರುತ್ತವೆ. ಹಿರಿಯರಿಗೆ ತಿಳಿಸಿ ಅವರ ಒಪ್ಪಿಗೆ ಪಡೆದೇ ಬಾಗಿಲನ್ನು ತೆರೆಯಬೇಕು. ರೂಟರಿನ ಮೂಲ ಗುಪ್ತಪದವನ್ನು ಬದಲಿಸಬೇಕು. ಬೇಕಾದ ಒಂದು ದ್ವಾರವನ್ನು ಮಾತ್ರ ತೆರೆಯಬೇಕು. ಶ್ರಮ ತಪ್ಪುವುದೆಂದು ಒಂದು ಯಂತ್ರವನ್ನು ಇಡಿಯಾಗಿ ಬಯಲಿಗೆ ಒಡ್ಡಬಾರದು. ಸರ್ವರಿನಲ್ಲಿ ಅನುಮತಿಪಟ್ಟಿಯನ್ನು ಮಾಡಿ, ಹೆಸರಿದ್ದವರನ್ನು ಮಾತ್ರ ಒಳಗೆ ಬಿಡಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದಾಗಿಸಬೇಕು. ರಜೆ ಮುಗಿದು ಆಟ ನಿಂತ ಮೇಲೆ ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳಬೇಕು.

ಆ ಹುಡುಗಿ ಇವೆಲ್ಲವನ್ನೂ ಮಾಡಿದಳೆಂದು ಭಾವಿಸೋಣ. ಸಂಜೆ ಎದುರು ಬೀದಿಯ ಗೆಳತಿ ಅವಳ ಲೋಕದೊಳಗೆ ಕಾಲಿಡುತ್ತಾಳೆ. ಇಬ್ಬರೂ ಸೇರಿ ಒಂದು ಸೇತುವೆಯನ್ನು ಕಟ್ಟುತ್ತಾರೆ. ಅದು ದೂರದ ಯಾವುದೋ ಸಂಸ್ಥೆಯ ಯಂತ್ರದಲ್ಲಿರುವ ಸೇತುವೆಯಲ್ಲ. ಅವಳ ಮನೆಯ ಮೇಜಿನ ಮೇಲಿರುವುದು. ಕಟ್ಟಿದವಳೂ ಅವಳೇ, ಕಾಯಬೇಕಾದವಳೂ ಅವಳೇ. ಬಾಗಿಲನ್ನು ತೆರೆಯಬಲ್ಲವಳಿಗೆ ಅದನ್ನು ಮುಚ್ಚಲೂ ತಿಳಿದಿದ್ದರೆ ಆತಿಥ್ಯ ಪೂರ್ಣವಾಯಿತು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸರ್ವರ್ ಎಂದರೇನು?
2. ವಿಳಾಸ ಪರಿವರ್ತನೆಯ ಕ್ರಮವನ್ನು 1994ರಲ್ಲಿ ವಿವರಿಸಿದವರು ಯಾರು?
3. ಮಿರಾಯ್ ತಂತ್ರಾಂಶವು ಯಂತ್ರಗಳನ್ನು ಹೇಗೆ ಒಳಹೊಕ್ಕಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರೂಟರಿನ ಕೆಲಸವನ್ನು ವಿದ್ಯಾರ್ಥಿನಿಲಯದ ಗುಮಾಸ್ತನ ಕೆಲಸಕ್ಕೆ ಹೋಲಿಸಿ ವಿವರಿಸಿರಿ.
2. ಕಂಪ್ಯೂಟರಿನ ಒಳವಿಳಾಸವನ್ನು ಸ್ಥಿರಗೊಳಿಸುವುದು ಏಕೆ ಅಗತ್ಯ?
3. “ವಿಳಾಸ ಉಳಿಸಲೆಂದು ಹುಟ್ಟಿದ ಉಪಾಯವು ಉದ್ದೇಶಿಸದೆಯೇ ಮನೆಗೆ ಕಾವಲಾಗಿಯೂ ಪರಿಣಮಿಸಿತು.” ಈ ಮಾತನ್ನು ಸಮರ್ಥಿಸಿರಿ.

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಒಂದೊಂದು, ಮನೆಯೊಳಗೆ, ವಿದ್ಯಾರ್ಥಿ.