ಪ್ರಿಂಟ್ ಆಗದ ಚಿತ್ರ ಮುಗಿದ ಚಿತ್ರವಲ್ಲ

ನಮ್ಮ ಜಡಿಗೇನಹಳ್ಳಿ ಹೋಬಳಿಯ ಊರುಗಳಲ್ಲಿ ಈಗ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಬಹಳ. ಮದುವೆ ಫೋಟೊ ತೆಗೆದು ಮನೆ ನಡೆಸುವವರಿದ್ದೀರಿ. ಬೆಳಗಿನ ಜಾವಕ್ಕೇ ಎದ್ದು ಹೊಸಕೋಟೆ ಕೆರೆ ಏರಿಯ ಮೇಲೆ ಹಕ್ಕಿಗಾಗಿ ಕಾದು ಕೂರುವವರಿದ್ದೀರಿ. ಬೆಂಗಳೂರಿನ ಪ್ರದರ್ಶನಗಳಲ್ಲಿ ಒಂದು ದಿನ ನಮ್ಮ ಚಿತ್ರವೂ ಗೋಡೆ ಏರಬೇಕೆಂಬ ಆಸೆ ಇಟ್ಟುಕೊಂಡವರೂ ಇದ್ದೀರಿ. ನಿಮ್ಮಲ್ಲಿ ಹಲವರು ನನ್ನನ್ನು ಕೇಳುವುದು ಒಂದೇ: "ತಾತ, ಕಲೆ ಅನ್ನಿಸಿಕೊಳ್ಳಬೇಕಾದರೆ ಫಿಲ್ಮು, ಡಾರ್ಕ್‌ರೂಂ ಕಲೀಲೇಬೇಕಾ? ಡಿಜಿಟಲ್‌ನಲ್ಲಿ ಮಾಡಿದ್ದು ಕಲೆ ಅಲ್ವಾ?"

ಫಿಲ್ಮ್ ಮೇಲು, ಡಿಜಿಟಲ್ ಕೀಳು ಎಂದು ನಾನು ಹೇಳುವುದಿಲ್ಲ. ಆಯುಷ್ಯದ ಬಹುಪಾಲನ್ನು ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ಕಳೆದವನ ಬಾಯಲ್ಲಿ ಈ ಮಾತು ಬಂದದ್ದು ನಿಮಗೆ ಆಶ್ಚರ್ಯವಾಗಬಹುದು. ಆದರೆ ಡಾರ್ಕ್‌ರೂಂ ನಮ್ಮಿಂದ ಬಲವಂತವಾಗಿ ಮಾಡಿಸುತ್ತಿದ್ದ ಕೆಲಸವೊಂದಿದೆ. ಒಂದು ಚಿತ್ರ ಆರಿಸು, ಅದು ಹೇಗಿರಬೇಕೆಂದು ತೀರ್ಮಾನ ಮಾಡು, ಕಾಗದದ ಮೇಲೆ ತಂದು ಮುಗಿಸು ಎನ್ನುತ್ತಿತ್ತು ಅದು. ಡಿಜಿಟಲ್ ಇದನ್ನು ಕೇಳುವುದೇ ಇಲ್ಲ. ಸಾವಿರ ಚಿತ್ರ ತೆಗೆದು ಒಂದನ್ನೂ ಮುಗಿಸದೆ ಇರಲು ಬಿಡುತ್ತದೆ. ಯಾರೂ ಕೇಳದಿದ್ದರೂ ಆ ಕೆಲಸವನ್ನು ನೀವೇ ಮೈಮೇಲೆ ಹಾಕಿಕೊಂಡು ಮಾಡಬೇಕು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಡಾರ್ಕ್‌ರೂಮಿನಲ್ಲಿ ಒಂದು ಪ್ರಿಂಟ್ ಹೇಗೆ ಆಗುತ್ತಿತ್ತು ಎಂದು ಮೊದಲು ತಿಳಿದುಕೊಳ್ಳಿ. ರಾಗಿ ಕಣದಲ್ಲಿ ನಿಂತ ಅಜ್ಜನೊಬ್ಬನ ಕಪ್ಪು ಬಿಳುಪು ಚಿತ್ರ ಎಂದಿಟ್ಟುಕೊಳ್ಳಿ. ಮಧ್ಯಾಹ್ನದ ಬಿಸಿಲು. ತಲೆಗೆ ಬಿಳಿ ರುಮಾಲು, ಅದರ ನೆರಳು ಪೂರ್ತಿ ಮುಖದ ಮೇಲೆ, ಹಿಂದೆ ಖಾಲಿ ಆಕಾಶ. ನೆಗೆಟಿವ್ ಅನ್ನು ಚಿತ್ರ ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿಗೆ ಹಾಕಿ, ಬ್ರೋಮೈಡ್ ಪೇಪರಿನ ಒಂದು ಪಟ್ಟಿ ಕತ್ತರಿಸಿ, ರಟ್ಟು ಸರಿಸುತ್ತಾ ಸರಿಸುತ್ತಾ 5, 10, 15, 20 ಸೆಕೆಂಡು ಬೆಳಕು ಕೊಡುತ್ತೇವೆ. ಇದು ಟೆಸ್ಟ್ ಸ್ಟ್ರಿಪ್. ಅದನ್ನು ನೋಡಿ 12 ಸೆಕೆಂಡು ಸಾಕು ಎಂದು ನಿರ್ಧರಿಸುತ್ತೇವೆ. ಆದರೆ ಆ 12 ಸೆಕೆಂಡಿಗೆ ಮುಖ ಮಸಿಯಾಗುತ್ತದೆ. ಆದ್ದರಿಂದ ತಂತಿಯ ತುದಿಗೆ ಅಂಟಿಸಿದ ಸಣ್ಣ ರಟ್ಟಿನ ಚೂರನ್ನು ಮುಖದ ಮೇಲೆ ಬೀಳುವ ಬೆಳಕಿಗೆ 3 ಸೆಕೆಂಡು ಅಡ್ಡ ಹಿಡಿಯಬೇಕು. ಕೈ ಆಡುತ್ತಲೇ ಇರಬೇಕು, ನಿಂತರೆ ಮುಖದ ಸುತ್ತ ಬಳೆಯಂತೆ ಕಲೆ ಕೂರುತ್ತದೆ. ಇದು ಡಾಡ್ಜಿಂಗ್. ಆಮೇಲೆ ಅಜ್ಜನನ್ನು ಅಂಗೈಯಿಂದ ಮರೆಮಾಡಿ, ಆಕಾಶಕ್ಕೆ ಮಾತ್ರ ಇನ್ನೂ 8 ಸೆಕೆಂಡು ಬೆಳಕು ಕೊಡಬೇಕು. ಇದು ಬರ್ನಿಂಗ್.

ಪೇಪರನ್ನು ಡೆವಲಪರ್ ಟ್ರೇಗೆ ಬಿಟ್ಟ ಮೇಲೆ ಎರಡು ನಿಮಿಷ ಟ್ರೇ ಅಲುಗಾಡಿಸುತ್ತಾ ನಿಲ್ಲಬೇಕು. ಕೆಂಪು ಬೆಳಕಿನಲ್ಲಿ ಚಿತ್ರ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಅವಸರಪಟ್ಟು ಅರ್ಧಕ್ಕೇ ಎತ್ತಿದರೆ ಕಪ್ಪು ಕಪ್ಪಾಗದೆ, ಬಿಳಿ ಬಿಳಿಯಾಗದೆ ಕೆಸರು ಬೂದಿ ಬಣ್ಣದ ಪ್ರಿಂಟ್ ಸಿಗುತ್ತದೆ. ನಂತರ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ನಿಲ್ಲಿಸಿ ಉಳಿಸುವ ಹೈಪೋ, ತೊಳೆಯಲು ನೀರು. ಇಷ್ಟಾದರೂ ಮುಗಿಯಲಿಲ್ಲ. ಒದ್ದೆ ಪ್ರಿಂಟ್ ಫಳಫಳ ಹೊಳೆಯುತ್ತದೆ, ಒಣಗಿದಾಗ ಒಂದು ಛಾಯೆ ಕಪ್ಪಿಗೆ ತಿರುಗುತ್ತದೆ. ಸರಿಯೋ ತಪ್ಪೋ ಎಂಬುದನ್ನು ಮಾರನೆಯ ದಿನ, ಕಿಟಕಿ ಬೆಳಕಿನಲ್ಲಿ ನೋಡಿಯೇ ಹೇಳಬೇಕು. ಒಂದು ಚಿತ್ರಕ್ಕೆ ಒಂದು ಸಂಜೆ, ಕೆಲವು ಸಲ ಒಂದು ವಾರ. ಅಷ್ಟು ಹೊತ್ತು ಆ ಅಜ್ಜನ ಮುಖವನ್ನು ನೋಡಿದವನಿಗೆ ಅದರ ಒಂದೊಂದು ಗೆರೆಯೂ ಬಾಯಿಪಾಠವಾಗುತ್ತಿತ್ತು.

ಈಗ ನಿಮ್ಮ ಕಂಪ್ಯೂಟರಿಗೆ ಬನ್ನಿ. ಫೋಟೊಶಾಪಿನಲ್ಲಿ ಕಡ್ಡಿಗೆ ಸಿಕ್ಕಿಸಿದ ಬಿಲ್ಲೆಯ ಗುರುತೊಂದಿದೆ, ಬೆರಳು ಮಡಚಿದ ಕೈಯ ಗುರುತೊಂದಿದೆ. ಮೊದಲನೆಯದು ಡಾಡ್ಜ್, ಎರಡನೆಯದು ಬರ್ನ್. ನಾವು ಕತ್ತಲಲ್ಲಿ ಆಡಿಸುತ್ತಿದ್ದ ರಟ್ಟು ಮತ್ತು ಕೈ ಅವೇ. ಆ ತಂತ್ರಾಂಶಕ್ಕೆ ಮೊದಲ ಸಾಲುಗಳನ್ನು ಬರೆದ ಥಾಮಸ್ ನಾಲ್ ಬೆಳೆದ ಮನೆಯ ನೆಲಮಾಳಿಗೆಯಲ್ಲಿ ಅವರ ತಂದೆಯ ಡಾರ್ಕ್‌ರೂಂ ಇತ್ತು. ಅಲ್ಲಿ ಕಲಿತದ್ದು 1990ರಲ್ಲಿ ಫೋಟೊಶಾಪಾಗಿ ಹೊರಬಂತು. ಹಾಗಾಗಿ ಡಿಜಿಟಲ್ ನಮ್ಮ ಶತ್ರುವಲ್ಲ, ನಮ್ಮ ಮನೆಯಲ್ಲೇ ಹುಟ್ಟಿದ ಕೂಸು. ಅಮೆರಿಕದ ಆನ್ಸೆಲ್ ಆಡಮ್ಸ್ ಕಪ್ಪು ಬಿಳುಪು ಪ್ರಿಂಟಿಗೆ ಜಗತ್ತಿನಲ್ಲೇ ದೊಡ್ಡ ಹೆಸರು. ಎಲೆಕ್ಟ್ರಾನಿಕ್ ಚಿತ್ರ ಬರುತ್ತದೆ, ಅದಕ್ಕೆ ಎದುರು ನೋಡುತ್ತಿದ್ದೇನೆ ಎಂದು ತಮ್ಮ ಕೊನೆಯ ವರ್ಷಗಳಲ್ಲಿ ಅವರೇ ಬರೆದರು. ಪಿಯಾನೊ ಕಲಿತಿದ್ದ ಅವರು ನೆಗೆಟಿವ್ ಎಂದರೆ ಸ್ವರಲಿಪಿ, ಪ್ರಿಂಟ್ ಎಂದರೆ ಕಛೇರಿ ಎಂದು ಹೇಳುತ್ತಿದ್ದರು. ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡುವ ಅವರ ಚಿತ್ರ 1941ರದು. ಆ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ತೆಗೆದರು. ಮೊದಮೊದಲ ಪ್ರಿಂಟುಗಳಲ್ಲಿ ಮೋಡಗಳು ಕಾಣುವ ತಿಳಿ ಛಾಯೆಯ ಆಕಾಶ, ಕೊನೆಕೊನೆಯವುಗಳಲ್ಲಿ ಕಾಡಿಗೆಯಂಥ ಕಪ್ಪು. ಕ್ಲಿಕ್ ಮಾಡಿದ್ದು ಒಂದೇ ಸಲ, ನೋಡಿದ್ದು ಜೀವನವಿಡೀ. ನಿಮ್ಮ ರಾ ಫೈಲೂ ಹಾಗೇ. ಇವತ್ತು ಅದರಲ್ಲಿ ಕಾಣದ್ದು ಐದು ವರ್ಷ ಬಿಟ್ಟು ತೆರೆದಾಗ ಕಾಣಬಹುದು. ಅವಸರದಲ್ಲಿ ಅಳಿಸಬೇಡಿ.

ನಮ್ಮ ನಾಡಿನವರ ಕೆಲಸವನ್ನೂ ಹುಡುಕಿ ನೋಡಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಅವರ ತಮ್ಮ ಟಿ.ಎಸ್. ನಾಗರಾಜನ್ ಶತಮಾನ ಕಂಡ ಮನೆಗಳ ಒಳಗನ್ನು ಊರೂರು ಸುತ್ತಿ ಚಿತ್ರಿಸಿದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಆದರೂ ಕಾಡು ಪ್ರಾಣಿಗಳನ್ನು ಕಪ್ಪು ಬಿಳುಪಿನಲ್ಲಿ ಅವರಂತೆ ತೋರಿಸಿದವರು ಕಡಿಮೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳಿಂದ ಒಂದು ಪೀಳಿಗೆಯೇ ಕಲಿಯಿತು. ಇವರ ಚಿತ್ರಗಳನ್ನು ಮೊಬೈಲಿನಲ್ಲಿ ಬೆರಳಾಡಿಸಿ ಸರಿಸಬೇಡಿ. ಒಂದೊಂದನ್ನೂ ನಿಂತು ನೋಡಿ. ಬೆಳಕು ಎಲ್ಲಿಂದ ಬಂತು, ಏನನ್ನು ಬಿಟ್ಟರು, ಕಪ್ಪನ್ನು ಎಲ್ಲಿಟ್ಟರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘ ಬೆಂಗಳೂರಿನಲ್ಲಿದೆ. ಅಂಥ ಕಡೆ ಹೋಗಿ ಹಿರಿಯರ ಎದುರು ನಿಮ್ಮ ಚಿತ್ರ ಇಟ್ಟು ವಿಮರ್ಶೆ ಕೇಳಿಸಿಕೊಳ್ಳಿ. ಲೈಕುಗಳು ಕಲಿಸದ್ದನ್ನು ಒಬ್ಬ ನಿಷ್ಠುರ ವಿಮರ್ಶಕ ಕಲಿಸುತ್ತಾನೆ.

ಡಾರ್ಕ್‌ರೂಂ ಕಲಿಯಲೇಬೇಕೆಂಬ ಹಂಬಲ ಇರುವವರಿಗೆ ಎರಡು ಮಾತು. ಕಲಿಯಿರಿ, ಖಂಡಿತ ಕಲಿಯಿರಿ. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಪೇಪರು, ಫಿಲ್ಮು ಈಗಿಲ್ಲ. ಹೊರದೇಶದ ಸಾಮಾನೇ ಗತಿ, ದುಬಾರಿ. ಆದರೂ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಬಚ್ಚಲುಮನೆ, ಹಳೆಯ ಎನ್‌ಲಾರ್ಜರ್, ಮೂರು ಟ್ರೇ ಇದ್ದರೆ ಕೆಲಸ ಶುರುಮಾಡಬಹುದು. ನಮ್ಮ ಕಡೆಯ ತೊಂದರೆ ಎರಡು. ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಕಾದು ಬರುತ್ತದೆ. ಡೆವಲಪರ್ 20 ಡಿಗ್ರಿ ಇದ್ದಾಗ 10 ನಿಮಿಷ ಬೇಕಾದ ಫಿಲ್ಮಿಗೆ 24 ಡಿಗ್ರಿಯಲ್ಲಿ ಸುಮಾರು 7 ನಿಮಿಷ ಸಾಕು. ಥರ್ಮಾಮೀಟರ್ ಇಲ್ಲದೆ ಕೈಹಾಕಬೇಡಿ, ಡೆವಲಪರ್ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸಿಕೊಳ್ಳಿ. ಎರಡನೆಯದು ಬೋರ್‌ವೆಲ್ಲಿನ ಗಡಸು ನೀರು. ಕೊನೆಯಲ್ಲಿ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೆಗೆಯದಿದ್ದರೆ ಒಣಗಿದ ನೆಗೆಟಿವ್ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ, ಅದು ನೀರಿನ ಜೀವಿಗಳಿಗೆ ವಿಷ. ಚರಂಡಿಗೂ ಕೆರೆಗೂ ಸುರಿಯಬೇಡಿ. ಕ್ಯಾನಿನಲ್ಲಿ ಶೇಖರಿಸಿ ಬೆಳ್ಳಿ ತೆಗೆಯುವವರಿಗೆ ಕೊಡಿ. ಹಕ್ಕಿಯ ಚಿತ್ರಕ್ಕಾಗಿ ಹಕ್ಕಿಯ ನೀರು ಕೆಡಿಸುವ ಕಲೆ ನಮಗೆ ಬೇಡ.

ಡಿಜಿಟಲ್‌ನಲ್ಲೇ ಇರುವವರು ಡಾರ್ಕ್‌ರೂಮಿನ ಶಿಸ್ತನ್ನು ಅಲ್ಲಿಗೇ ತನ್ನಿ. ಫಿಲ್ಮಿನಲ್ಲಿ ನೆರಳಿನ ವಿವರ ನೋಡಿಕೊಂಡು ಎಕ್ಸ್‌ಪೋಷರ್ ಕೊಡುತ್ತಿದ್ದೆವು, ಏಕೆಂದರೆ ನೆಗೆಟಿವ್‌ನಲ್ಲಿ ದಾಖಲಾಗದ ನೆರಳನ್ನು ಆಮೇಲೆ ತರಲಾಗದು. ಸೆನ್ಸರ್ ಇದಕ್ಕೆ ತಿರುಗುಮುರುಗು. ಅಲ್ಲಿ ಒಮ್ಮೆ ಸುಟ್ಟುಹೋದ ಬಿಳಿ ವಾಪಸು ಬರುವುದಿಲ್ಲ. ಆದ್ದರಿಂದ ಹಿಸ್ಟೋಗ್ರಾಮ್ ನೋಡಿ ಅಜ್ಜನ ರುಮಾಲನ್ನು ಮೊದಲು ಉಳಿಸಿಕೊಳ್ಳಿ. 36 ಚಿತ್ರಕ್ಕೆ ರೋಲ್ ಮುಗಿಯುತ್ತಿದ್ದ ಕಾಲದಲ್ಲಿ ಪ್ರತಿ ಕ್ಲಿಕ್ಕಿಗೂ ಮುಂಚೆ ಕಣ್ಣು ಕೆಲಸ ಮಾಡುತ್ತಿತ್ತು. ನಿಮ್ಮ ಕಾರ್ಡಿನಲ್ಲಿ ಸಾವಿರಗಟ್ಟಲೆ ಹಿಡಿಯುತ್ತದೆಂದು ಕಣ್ಣಿಗೆ ರಜೆ ಕೊಡಬೇಡಿ. ಪರದೆ ತಾನೇ ಬೆಳಗುವ ವಸ್ತು, ಕಾಗದ ಬಿದ್ದ ಬೆಳಕಿನಲ್ಲಿ ಕಾಣುವ ವಸ್ತು. ಪರದೆಯ ಬೆಳಕು ಜೋರಿದ್ದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ. ನಮ್ಮ ಒದ್ದೆ ಪ್ರಿಂಟ್ ಮಾಡುತ್ತಿದ್ದ ಮೋಸವೇ ಇದು. ಪರದೆಯ ಬೆಳಕು ತಗ್ಗಿಸಿ, ಸಣ್ಣದೊಂದು ಟೆಸ್ಟ್ ಪ್ರಿಂಟ್ ತೆಗೆಸಿ, ಒಣಗಲು ಬಿಟ್ಟು, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ದೊಡ್ಡದಕ್ಕೆ ದುಡ್ಡು ಹಾಕಿ.

ಚಿತ್ರ ತಿದ್ದುವುದು ತಪ್ಪೇ ಎಂದು ಕೇಳುತ್ತೀರಿ. ತಿದ್ದುವುದು ಛಾಯಾಗ್ರಹಣದಷ್ಟೇ ಹಳೆಯದು. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಬಣ್ಣದಿಂದ ಮೋಡ ಬರೆದ. ಅಂದಿನ ರಾಸಾಯನಿಕಕ್ಕೆ ನೀಲಿಯೂ ಬಿಳಿಯೂ ಒಂದೇ ಆಗಿ ಆಕಾಶ ಬೋಳಾಗಿ ಬರುತ್ತಿತ್ತು. ಆದರೆ ಎಲ್ಲಿ ತಿದ್ದಬಾರದು ಎಂಬುದನ್ನು ಕಲಿಯಿರಿ. ವನ್ಯಜೀವಿ ಚಿತ್ರ ಎಂದು ಸ್ಪರ್ಧೆಗೆ ಕಳಿಸುವುದರಲ್ಲಿ ಒಂದು ಕಡ್ಡಿ ಸೇರಿಸುವುದೂ ತೆಗೆಯುವುದೂ ನಿಷಿದ್ಧ. ನಡೆದ ಘಟನೆ ಎಂದು ತೋರಿಸುವ ಚಿತ್ರಕ್ಕೂ ಅದೇ ನೀತಿ. ಕಲ್ಪನೆಯ ಚಿತ್ರ ಮಾಡಿದರೆ ಕಲ್ಪನೆ ಎಂದೇ ಹೇಳಿ. ಯಂತ್ರಕ್ಕೆ ಎರಡು ಸಾಲು ಬರೆದುಕೊಟ್ಟರೆ ಕೆರೆ, ಹಕ್ಕಿ, ಸೂರ್ಯೋದಯ ಎಲ್ಲ ಬರುವ ಈ ಕಾಲದಲ್ಲಿ ನೀವು ಅಲ್ಲಿದ್ದಿರಿ ಎಂಬ ನಂಬಿಕೆಯೇ ನಿಮ್ಮ ಆಸ್ತಿ. ಅದನ್ನು ಒಂದು ಬಹುಮಾನಕ್ಕಾಗಿ ಕಳೆದುಕೊಳ್ಳಬೇಡಿ.

ಕೊನೆಯದಾಗಿ ಉಳಿಸುವ ಮಾತು. ಬರ್ಮಾಕ್ಕೆ ಹೋಗುವ ಮೊದಲು ಅದೇ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಕ್ಕೆ ಹೋಗಿ ಚಿತ್ರ ತೆಗೆದಿದ್ದ. ಅಂದು ಕಾಗದದ ಮೇಲೆ ಬಂದದ್ದು ನೂರೆಪ್ಪತ್ತು ವರ್ಷ ಉಳಿದಿದೆ, ಇಂದೂ ಕಣ್ಣಾರೆ ನೋಡಬಹುದು. ನಿಮ್ಮ ಅಕ್ಕನ ಮದುವೆಯ ಚಿತ್ರಗಳು ಎಲ್ಲಿವೆ? ಕೆಟ್ಟ ಹಾರ್ಡ್ ಡಿಸ್ಕಿನಲ್ಲಿ, ಮಾರಿದ ಮೊಬೈಲಿನಲ್ಲಿ, ಪಾಸ್‌ವರ್ಡ್ ಮರೆತ ಖಾತೆಯಲ್ಲಿ. ಫೈಲುಗಳನ್ನು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ, ಒಂದು ಪ್ರತಿ ಮನೆಯ ಹೊರಗಿರಲಿ. ನಿಮ್ಮ ಅತ್ಯುತ್ತಮ ಚಿತ್ರಗಳನ್ನು ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಮುದ್ರಿಸಿ, ಬಿಸಿಲು, ತೇವ, ಗೆದ್ದಲು ತಾಗದಂತೆ ಇಡಿ.

ಚಿತ್ರ ಉಳಿಸುವ ಈ ಮಾತು ನಿಮಗೆ ಬೇರೆಯವರಿಗಿಂತ ಹೆಚ್ಚು ಅನ್ವಯಿಸುತ್ತದೆ. ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದಲೇ ಹೊರಡುತ್ತದೆ. ರಾಗಿ ಹೊಲ ಲೇಔಟಾಗುತ್ತಿದೆ, ಹಳೆಯ ತೊಟ್ಟಿ ಮನೆ ಬೀಳುತ್ತಿದೆ, ಕಣ ಮಾಡುವುದನ್ನು ಬಲ್ಲ ಕೈಗಳು ಒಂದೊಂದಾಗಿ ಹೋಗುತ್ತಿವೆ. ಇದನ್ನು ಚಿತ್ರಿಸಲು ದೂರದ ಊರಿನಿಂದ ಯಾರೋ ಬರಲೆಂದು ಕಾಯಬೇಡಿ. ಈ ಮುಖಗಳ ಹೆಸರು ಗೊತ್ತಿರುವವರು ನೀವು.

ಆದ್ದರಿಂದ ನನ್ನ ಕೋರಿಕೆ ಇದು. ಈ ವಾರ ನಿಮ್ಮ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಚಿತ್ರಗಳಲ್ಲಿ ಒಂದನ್ನು, ಒಂದೇ ಒಂದನ್ನು ಆರಿಸಿ. ಒಂದು ಸಂಜೆ ಅದರ ಜೊತೆ ಕೂತು, ಬೆಳಕು ನೆರಳು ತೀರ್ಮಾನಿಸಿ, ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆಸಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆಯಿರಿ. ಎರಡು ಪ್ರತಿ ಮಾಡಿಸಿ. ಒಂದನ್ನು ನೀವಿಟ್ಟುಕೊಳ್ಳಿ, ಇನ್ನೊಂದನ್ನು ಆ ಚಿತ್ರದಲ್ಲಿರುವವರ ಕೈಗೆ ಕೊಡಿ. ಮುಂದಿನ ವಾರ ಇನ್ನೊಂದು ಚಿತ್ರ ಆರಿಸಿ.