ದುಪ್ಪಟ್ಟು ಬೆಲೆಗೆ ಮಾರಿದ ರೈಫಲ್

2019ರಲ್ಲಿ ಡಲ್ಲಾಸ್‌ನ ನಮ್ಮ ಮನೆಯಲ್ಲಿ ಕೂತೇ, ಆನ್‌ಲೈನ್ ಹರಾಜಿನಲ್ಲಿ 4,000 ಡಾಲರಿಗೆ ಒಂದು ರೈಫಲ್ ಕೂಗಿ ಹಿಡಿದೆ. 2024ರಲ್ಲಿ ಅದು 8,500ಕ್ಕೆ ಹೋಯಿತು. ಕೇಳಿದ ಗೆಳೆಯರೆಲ್ಲ ಬೆನ್ನು ತಟ್ಟಿದರು. ಹೆಂಡತಿ ತಟ್ಟಲಿಲ್ಲ. ನಮ್ಮ ಮನೆಯಲ್ಲಿ ಕಾರ್ಡಿನ ಬಿಲ್ ನೋಡುವವಳು ಅವಳು.

ಹುಚ್ಚು ಹತ್ತಿಸಿದ್ದು ಸ್ಟೋನರ್ 63. ಎಆರ್-15 ರೂಪಿಸಿದ ಯೂಜೀನ್ ಸ್ಟೋನರ್ ಆಮೇಲೆ ಕ್ಯಾಡಿಲಾಕ್ ಗೇಜ್ ಕಂಪನಿಗೆ ಮಾಡಿಕೊಟ್ಟದ್ದು. ರಿಸೀವರ್, ಅಂದರೆ ಬಂದೂಕಿನ ಒಡಲು, ಒಂದೇ. ಬ್ಯಾರಲ್, ಬಟ್, ಫೀಡ್ ಬದಲಿಸಿದರೆ ಅದೇ ಕಾರ್ಬೈನ್, ಅದೇ ರೈಫಲ್, ಅದೇ ಮೆಷಿನ್ ಗನ್. ಗುಂಡಿನ ಬೆಲ್ಟ್ ಹಾಕಬೇಕಾದರೆ ರಿಸೀವರನ್ನೇ ದೋಸೆಯ ಹಾಗೆ ಮಗುಚುತ್ತಾರೆ. ವಿಯೆಟ್ನಾಂನಲ್ಲಿ ನೇವಿ ಸೀಲ್‌ಗಳು ಹಿಡಿದದ್ದು ಇದನ್ನು. ತಯಾರಾದದ್ದು ಸುಮಾರು 4,000 ಅಷ್ಟೇ. 1986ರ ಕಾಯ್ದೆಗೆ ಮುಂಚೆ ನೋಂದಣಿಯಾದ ಮೆಷಿನ್ ಗನ್ ಮಾತ್ರ ಇಲ್ಲಿ ಖಾಸಗಿಯವರ ಕೈ ಬದಲಾಗಬಹುದು. ಹಾಗಾಗಿ ಅಸಲಿಗೆ ಊರಲ್ಲೊಂದು ಮನೆ ಬರುವಷ್ಟು ಬೆಲೆ. ಸಂಬಳದವನಿಗೆ ಎಟುಕುವುದು ಅದೇ ಜಾಡಿನ ಸೆಮಿ-ಆಟೊ, ರಾಬಿನ್ಸನ್‌ನವರ ಎಂ96. ನಾನು ಹಿಡಿದದ್ದೂ ಅದನ್ನೇ.

ಈಗ ಲೆಕ್ಕ. ಕೂಗಿದ್ದು 4,000. ಖರೀದಿದಾರನ ಪ್ರೀಮಿಯಂ 20%, ಅಂದರೆ 800. ಆಯಿತು 4,800. ಅದರ ಮೇಲೆ ಡಲ್ಲಾಸ್‌ನ ಸೇಲ್ಸ್ ಟ್ಯಾಕ್ಸ್ 8.25%, ಅಂದರೆ 396. ಸಾಗಣೆ, ಲೈಸೆನ್ಸ್ ಇರುವ ಡೀಲರ್‌ನ ವರ್ಗಾವಣೆ ಫೀ ಸೇರಿ 104. ಒಟ್ಟು 5,300. ಸುತ್ತಿಗೆ ಬಿದ್ದ ಕ್ಷಣದಲ್ಲೇ ನೂರಕ್ಕೆ ಮೂವತ್ತರ ಮೇಲೆ ಹೋಗಿತ್ತು.

ಅಷ್ಟಕ್ಕೆ ನಿಲ್ಲುವುದಿಲ್ಲ. ಮಾಡ್ಯುಲರ್ ಅಂದಮೇಲೆ ಮುಗಿಯಿತು, ವಸ್ತು ಯಾವತ್ತೂ ಪೂರ್ತಿಯಾಗುವುದೇ ಇಲ್ಲ. ಬ್ರೆನ್ ಗನ್ನಿನ ಹಾಗೆ ಮ್ಯಾಗಜಿನ್ ಮೇಲಿಂದ ಕೂರಿಸುವ ಕಿಟ್ ಒಂದಿದೆ. 1,700 ಕೊಟ್ಟು ತರಿಸಿದೆ. ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿ, ಪಿನ್ ತಳ್ಳಿ ಜೋಡಿಸಿದೆ. ಮ್ಯಾಗಜಿನ್ ಕಣ್ಣಿಗೆ ಅಡ್ಡ ಬರುವುದರಿಂದ ಗುರಿ ನೋಡುವ ಸೈಟನ್ನು ಪಕ್ಕಕ್ಕೆ ಸರಿಸಿಟ್ಟಿದ್ದಾರೆ. ಆ ಜಾಣತನ ನೋಡುತ್ತಾ ಒಂದು ಗಂಟೆ ಕೂತಿದ್ದೆ. ಆ ಗಂಟೆಯ ಬಗ್ಗೆ ಇವತ್ತಿಗೂ ಬೇಸರವಿಲ್ಲ. ಬೀಗದ ಬೀರು, ವಿಮೆ ಅಂತ ಇನ್ನೊಂದು 900. ಹಾಕಿದ್ದು 7,900.

ಮಾರುವಾಗ ಕಿಟ್ ಸಮೇತ 8,500. ಹರಾಜಿನವರ ಕಮಿಷನ್ 15%, ಅಂದರೆ 1,275. ಸಾಗಣೆ 75. ಕೈಗೆ ಬಂದದ್ದು 7,150. ನಷ್ಟ 750 ಡಾಲರ್.

ಇದನ್ನಾದರೂ ಹವ್ಯಾಸದ ಖರ್ಚು ಅಂತ ನುಂಗಿಕೊಳ್ಳಬಹುದಿತ್ತು. ಆದರೆ ರೈಫಲಿಗೆ ದುಡ್ಡು ಹೊಂದಿಸಲು ನಾನು ಆ ವರ್ಷ 401ಕೆ ನಿವೃತ್ತಿ ಖಾತೆಗೆ ಕಟ್ಟುವುದನ್ನು ನಿಲ್ಲಿಸಿದ್ದೆ. ಸಂಬಳ 1,20,000. ನಾನು 6% ಕಟ್ಟಿದ್ದರೆ ಅದರರ್ಧ ಕಂಪನಿ 'ಮ್ಯಾಚ್' ಅಂತ ಹಾಕುತ್ತಿತ್ತು. 3,600 ಡಾಲರ್, ಬಿಟ್ಟಿ. ಅದು ಐದು ವರ್ಷದಲ್ಲಿ ಮರಿ ಹಾಕುತ್ತಿದ್ದದ್ದು ಬೇರೆ. ಆ ಲೆಕ್ಕ ಹಾಕಲು ಹೆಂಡತಿ ಕೂತಳು, ನಾನು ಎದ್ದು ಹೋದೆ.

ಹರಾಜಿನ ಕ್ಯಾಟಲಾಗಿನಲ್ಲಿ 'ಹೂಡಿಕೆ ದರ್ಜೆ' ಎಂದು ಅಚ್ಚಾಗಿತ್ತು. ಯಾರು ಕೊಟ್ಟ ದರ್ಜೆ ಸ್ವಾಮಿ? ಎರಡೂ ಕಡೆಯಿಂದ ಕಮಿಷನ್ ತಿನ್ನುವವನು ಕೊಟ್ಟದ್ದು! ರೈಫಲಿನಿಂದ ಬಾಡಿಗೆ ಇಲ್ಲ, ಬಡ್ಡಿ ಇಲ್ಲ, ಡಿವಿಡೆಂಡ್ ಇಲ್ಲ. ಕಾಲಕಾಲಕ್ಕೆ ಎಣ್ಣೆ ಕುಡಿಯುತ್ತದೆ. ಮಡಿಕೇರಿ ಕಡೆಯ ನಮ್ಮ ಮನೆಯಲ್ಲಿ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಕೈಮುಗಿಯುತ್ತಾರೆ. ಅದರ ಬೆಲೆ ಎಷ್ಟು ಅಂತ ಅಜ್ಜ ಒಂದು ದಿನವೂ ಹೇಳಿದ್ದಿಲ್ಲ, ನಾವೂ ಕೇಳಿದ್ದಿಲ್ಲ. ಇಷ್ಟವಾದರೆ ಕೊಳ್ಳಿ, ಹೂಡಿಕೆ ಅಂತ ಹೆಂಡತಿಗೆ ಹೇಳಬೇಡಿ. ಹರಾಜಿನ ರಾತ್ರಿ ನಿದ್ದೆಗಣ್ಣಲ್ಲಿ ಬಟನ್ ಒತ್ತುವ ಚಾಳಿ ಇದ್ದರೆ, ಮೊದಲೇ ಒಂದು ಚೀಟಿಯಲ್ಲಿ ಗರಿಷ್ಠ ಮೊತ್ತ ಬರೆದಿಡಿ, ಮೇಲೆ ಬೀಳುವ ಆ 30% ಅದರೊಳಗೇ ಬರಲಿ.

ಮತ್ತೆ ನಿಮ್ಮಲ್ಲಿ ಯಾರಾದರೂ ಏನಾದರೂ ಕೊಳ್ಳಲೆಂದು ಕಂಪನಿಯ ಮ್ಯಾಚ್ ಬಿಟ್ಟು ಕೂತಿದ್ದರೆ, ಸೋಮವಾರ ಬೆಳಿಗ್ಗೆ ಮೊದಲ ಮೇಲ್ ಎಚ್‌ಆರ್‌ಗೆ ಹೋಗಲಿ.